ಫ್ರೆಶ್ ಪೀಸ್ ಕೊಡ್ರಿ

ಸೀರೆ ಒಪ್ಪಿಗೆಯಾದ ಮೇಲೆ ನಮ್ಮ ಕಡೆಯ ಹೆಂಗಸರು ತಪ್ಪದೆ ಹೇಳುವ ಮಾತೊಂದಿದೆ: "ಇದ್ರಾಗೇ ಒಂದು ಫ್ರೆಶ್ ಪೀಸ್ ಕೊಡ್ರಿ." ಆ ಸೀರೆ ಅಷ್ಟೊತ್ತಿಗೆ ಅಂಗಡಿಯಲ್ಲಿ ಸೀರೆ ತೋರಿಸುವ ನನ್ನ ಹೆಗಲ ಮೇಲೆ ಬಿದ್ದು ಐದು ನಿಮಿಷವೂ ಆಗಿರುವುದಿಲ್ಲ. ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಸೆರಗು ಹಾಕಿಸಿ, "ಸ್ವಲ್ಪ ತಿರುಗ್ರಿ, ಹಿಂದೆ ಹೆಂಗೆ ಕಾಣ್ತೈತೆ ನೋಡಾಣ" ಎಂದು ಗಾಣದೆತ್ತಿನಂತೆ ತಿರುಗಿಸುತ್ತಾರೆ. ಎಲ್ಲರೂ ಮೆಚ್ಚುತ್ತಾರೆ. ಮೆಚ್ಚಿದ ಮೇಲೆ ಆ ಸೀರೆ ಕೆಟ್ಟುಹೋಯಿತು ಎನ್ನುವ ಹಾಗೆ ಮುಖ ಮಾಡಿ ಬೇರೆಯದನ್ನು ಕೇಳುತ್ತಾರೆ.

ಸಿಂಥೆಟಿಕ್ ಸೀರೆಯಾದರೆ ಕೊಡಬಹುದು. ಒಂದೇ ಬಣ್ಣದ್ದು ಕಟ್ಟುಗಟ್ಟಲೆ ಬಂದಿರುತ್ತದೆ. ರೇಷ್ಮೆ ಸೀರೆ ಹಾಗಲ್ಲ. ಒಂದು ಬಣ್ಣ, ಒಂದು ಅಂಚು ಎಂದರೆ ಇರುವುದು ಒಂದೇ ಸೀರೆ. ಈ ನಿಜ ಹೇಳಿದರೆ ಗಿರಾಕಿ ಎದ್ದು ಹೋಗುತ್ತಾರೆ. ಗಿರಾಕಿ ಎದ್ದು ಹೋದರೆ ಮ್ಯಾನೇಜರು ನಮ್ಮ ಮೇಲೆ ಹರಿಹಾಯುತ್ತಾರೆ. ಹಾಗಾಗಿ ದಾವಣಗೆರೆಯ ಈ ದೊಡ್ಡ ಬಟ್ಟೆ ಕಂಪನಿಯ ಶೋರೂಮಿಗೆ ಸೇರಿದ ಹೊಸತರಲ್ಲೇ, ಬೇರೆ ಬಟ್ಟೆ ಅಂಗಡಿಯಲ್ಲಿ ದುಡಿದು ಬಂದವಳೊಬ್ಬಳು ಉಪಾಯ ಕಲಿಸಿಕೊಟ್ಟಳು. ಅದೇ ಸೀರೆಯನ್ನು ಸ್ಟಾಕ್ ರೂಮಿಗೆ ತೆಗೆದುಕೊಂಡು ಹೋಗಬೇಕು. ಸೆರಗು ಒಳಗೆ ಸೇರುವ ಹಾಗೆ ಬೇರೆ ಮಡಿಕೆ ಹಾಕಬೇಕು. ಹೊಸ ಕವರಿಗೆ ತುಂಬಬೇಕು. ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ನಿಂತು, ಹುಡುಕಿ ಸುಸ್ತಾದವರ ಹಾಗೆ ಹೊರಗೆ ಬಂದು, "ನಿಮ್ಮ ಅದೃಷ್ಟ ಮೇಡಂ, ಒಂದೇ ಉಳಿದಿತ್ತು" ಎನ್ನಬೇಕು. ಗಿರಾಕಿ ಕವರಿನ ಮೇಲೆಯೇ ಕೈಯಾಡಿಸಿ, "ನೋಡ್ರಿ, ಫ್ರೆಶ್ ಅಂದ್ರ ಫ್ರೆಶ್ಶೇ" ಎನ್ನುತ್ತಾರೆ. ಇದುವರೆಗೆ ಯಾರೊಬ್ಬರೂ ಗುರುತು ಹಿಡಿದಿಲ್ಲ.

ಇದು ಮೋಸ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಸಿಟ್ಟು ಮಾತ್ರ ಬರುತ್ತದೆ. ನಾನೇನು ಹಳಸಿದ ಅನ್ನವೇ, ನನಗೆ ತಾಗಿದ್ದೆಲ್ಲ ಕೆಡಲಿಕ್ಕೆ?

ನಾನಿರುವುದು ಹರಿಹರದಲ್ಲಿ. ನಮ್ಮ ಮನೆಯವರು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಕಾಮಾಲೆ ಬಂದು ಅವರು ತೀರಿಕೊಂಡಾಗ ಮಗಳು ಇನ್ನೂ ಆರನೇ ಕ್ಲಾಸಿನಲ್ಲಿದ್ದಳು. ಬಳಗದವರೆಲ್ಲ ಬಂದು ಬುದ್ಧಿಮಾತು ಕೊಟ್ಟರು, ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಆಗ ಈ ಶೋರೂಮು ಹೊಸದಾಗಿ ಬಾಗಿಲು ತೆರೆದಿತ್ತು. ಹೆಣ್ಣುಮಕ್ಕಳು ಬೇಕಾಗಿದ್ದಾರಂತೆ ಎಂದು ಕೇಳಿ ಹೋದೆ. ಬೆಂಗಳೂರಿನಿಂದ ಬಂದಿದ್ದ ಸಣ್ಣ ವಯಸ್ಸಿನವಳೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೈಟ್ ಚೆನ್ನಾಗಿದೆ, ಸೀರೆ ಸೆಕ್ಷನ್‌ಗೆ ಆಗುತ್ತೆ. ಬೊಟ್ಟು ಯಾಕೆ ಇಟ್ಟಿಲ್ಲ?" ಎಂದು ಕೇಳಿದಳು. ಕಾರಣ ಹೇಳಿದೆ. ಅವಳ ಮುಖ ಸಣ್ಣಗಾಯಿತು. "ಅಯ್ಯೋ, ಸಾರಿ ಮೇಡಂ," ಎಂದಳು. ಆಮೇಲೆ, "ಆದ್ರೆ ಸೀರೆ ಸೆಕ್ಷನ್‌ನಲ್ಲಿ ಬೊಟ್ಟು, ಬಳೆ, ಹೂವು ಕಂಪಲ್ಸರಿ. ಟ್ರೆಡಿಷನಲ್ ಲುಕ್ ಇರ್ಬೇಕು. ನಿಮಗೆ ತೊಂದ್ರೆ ಇಲ್ವಾ?" ಎಂದಳು. ಮಗಳ ಸ್ಕೂಲ್ ಬ್ಯಾಗು ಹರಿದಿತ್ತು. ತೊಂದರೆ ಇಲ್ಲ ಎಂದೆ.

ಬಳಗದ ಹೆಂಗಸರು ಸುತ್ತ ಕೂತು, ಅತ್ತು, ನನ್ನ ಹಣೆಯಿಂದ ಒರೆಸಿದ ಬೊಟ್ಟನ್ನು ಕಂಪನಿ ಒಂದು ಸಹಿ ಹಾಕಿಸಿಕೊಂಡು ವಾಪಸು ಇಟ್ಟಿತು.

ನೌಕರರ ಕೋಣೆಯ ಕನ್ನಡಿಯ ಪಕ್ಕದಲ್ಲಿ ಒಂದು ಚಾರ್ಟ್ ಅಂಟಿಸಿದ್ದಾರೆ. ಅದರಲ್ಲಿ ಹಲ್ಲು ಬಿಟ್ಟುಕೊಂಡು ನಿಂತ ಹೆಣ್ಣೊಬ್ಬಳ ಚಿತ್ರವಿದೆ. ಅವಳ ತಲೆಯಿಂದ, ಹಣೆಯಿಂದ, ಕೈಯಿಂದ ಬಾಣದ ಗುರುತು ಹೊರಟು, ತುರುಬು ಹೀಗಿರಬೇಕು, ಬೊಟ್ಟು ಇಷ್ಟು ದೊಡ್ಡದಿರಬೇಕು, ಬಳೆ ಇಂಥ ಬಣ್ಣದ್ದಿರಬೇಕು ಎಂದು ಬರೆದಿದೆ. ಹೂವು ಬಟ್ಟೆಯದು, ಕಂಪನಿಯೇ ಕೊಡುತ್ತದೆ, ವಾಸನೆ ನುಸಿಗುಳಿಗೆಯದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ನಮ್ಮದು ಅದಕ್ಕಿಂತ ಒಂದು ತೂಕ ಹೆಚ್ಚು: ಮಲ್ಲಿಗೆಯೂ ಸುಳ್ಳು.

ಸಂಜೆ ಹರಿಹರದ ಬಸ್ಸು ಹತ್ತಿ ಕೂತ ಮೇಲೆ ಬಳೆ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದೆ. ಊರು ಹತ್ತಿರ ಬಂದಾಗ ಹಣೆಯ ಸ್ಟಿಕರ್ ಕಿತ್ತು ಐಡಿ ಕಾರ್ಡಿನ ಹಿಂಬದಿಗೆ ಅಂಟಿಸುತ್ತಿದ್ದೆ. ಬೆಳಿಗ್ಗೆ ಮತ್ತೆ ಅಲ್ಲಿಂದ ಹಣೆಗೆ. ಅಂಟು ಹೋಗುವವರೆಗೆ ಒಂದೇ ಸ್ಟಿಕರ್. ಯಾಕೆ ಕೀಳಬೇಕು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಈ ಕಾಲದಲ್ಲಿ ಇಟ್ಟುಕೊಂಡೇ ಓಡಾಡುವವರು ಇದ್ದಾರೆ, ಯಾರೂ ಕಲ್ಲು ಹೊಡೆಯುವುದಿಲ್ಲ. ಆದರೆ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತ ಹೆಂಗಸರ ಕಣ್ಣು ನೇರ ಹಣೆಗೇ ಬರುತ್ತದೆ. ಮಗಳಿಗೆ ನಾಳೆ ಗಂಡು ಹುಡುಕಬೇಕು ಎನ್ನುವ ಹೆದರಿಕೆ ಒಳಗೇ ಇತ್ತು. ಹೆದರಿಕೆ ಅಭ್ಯಾಸವಾಯಿತು. ಕೈ ತಾನೇ ಹಣೆಗೆ ಹೋಗುತ್ತಿತ್ತು, ನನ್ನನ್ನು ಕೇಳುತ್ತಿರಲಿಲ್ಲ.

ಕೆಲಸವೆಂದರೆ ನಿಲ್ಲುವುದು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಕುರ್ಚಿಗಳು ಇವೆ, ಅವು ಗಿರಾಕಿಗಳಿಗೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಕಂಪನಿಗೆ ಜೈ ಎನ್ನಬೇಕು. ಕಾಲಿನ ನರಗಳು ಹೀರೇಕಾಯಿಯ ಏಣಿನ ಹಾಗೆ ಎದ್ದಿರುವ ನಾವು ಚಪ್ಪಾಳೆ ತಟ್ಟುವುದನ್ನು ನೋಡಿದರೆ ನಿಮಗೆ ನಗು ಬರಬಹುದು, ನನಗೆ ಬರುವುದಿಲ್ಲ. ಹೆಡ್ ಆಫೀಸಿನವರದು ಇನ್ನೊಂದು ಲೋಕ. ಯುಗಾದಿ ಕಳೆದು ದಾವಣಗೆರೆಯ ರಸ್ತೆಯ ಡಾಂಬರು ಕರಗುವ ಹೊತ್ತಿಗೆ ಉಣ್ಣೆಯ ಸ್ವೆಟರ್ ಕಳಿಸಿ, ಮಾರಾಟ ಯಾಕಿಲ್ಲ ಎಂದು ಕೇಳುತ್ತಾರೆ. ಮ್ಯಾನೇಜರು ಆ ಬೈಗುಳವನ್ನು ಒಂದಕ್ಕೆರಡು ಮಾಡಿ ನಮಗೆ ಹಂಚುತ್ತಾರೆ.

ಮ್ಯಾನೇಜರು ಮೈಸೂರು ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಏನು ಕೇಳಿದರೂ "ನೋಡೋಣ ಮೇಡಂ" ಎನ್ನುತ್ತಾರೆ. ಆ ನೋಡೋಣಕ್ಕೆ ಕಣ್ಣೇ ಇಲ್ಲ.

ಆದರೂ ಒಂದು ವಿಷಯದಲ್ಲಿ ನನಗೆ ಜಂಬವಿತ್ತು. ಯಾವ ಹುಡುಗಿಗೆ ಯಾವ ಸೀರೆ ಒಪ್ಪುತ್ತದೆ ಎಂದು ನಾನು ಹೇಳಿದರೆ ತಪ್ಪುತ್ತಿರಲಿಲ್ಲ. ಮದುವೆ ಕಾಲದಲ್ಲಿ ಎರಡೂ ಕಡೆಯವರು ಕೂಡಿ ಮದುವೆ ಬಟ್ಟೆ ತೆಗೆಯಲು, ಅಂದರೆ ಜವಳಿಗೆ ಬರುತ್ತಾರೆ. ಟ್ರ್ಯಾಕ್ಸ್ ಗಾಡಿ ತುಂಬ ಜನ, ಮಕ್ಕಳು, ಬುತ್ತಿ ಗಂಟು. ಮೊದಲು ಮನೆದೇವರ ಸೀರೆ, ಆಮೇಲೆ ಹುಡುಗಿಯ ಧಾರೆ ಸೀರೆ. ಧಾರೆ ಸೀರೆಗೆ ನಮ್ಮ ಕಡೆ ಕೆಲವು ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಅದನ್ನು ದೇವರ ಮುಂದೆ ಇಟ್ಟು ಪೂಜೆಯಾಗುವವರೆಗೆ ಮದುಮಗಳು ಮೈಗೆ ತಾಗಿಸಬಾರದು. ಹಾಗಾದರೆ ಹೇಗೆ ಕಾಣುತ್ತದೆ ಎಂದು ನೋಡುವುದು ಹೇಗೆ? ಅದಕ್ಕೆ ನಾನಿದ್ದೇನಲ್ಲ. ನನ್ನ ಹೆಗಲಿನ ಮೇಲೆ. ಅದೂ ಕ್ಲಿಪ್ ಹಾಕಿ. ರೇಷ್ಮೆಗೆ ಪಿನ್ ಚುಚ್ಚಿದರೆ ಕಂಪನಿಯವರು ಅದನ್ನು ಡ್ಯಾಮೇಜ್ ಎಂದು ಬರೆಯುತ್ತಾರೆ.

ಹೀಗೆ ದಾವಣಗೆರೆ, ಹರಿಹರ ಸುತ್ತಿನ ಎಷ್ಟು ಮದುಮಕ್ಕಳ ಧಾರೆ ಸೀರೆ ಮೊದಲು ನನ್ನ ಮೈಮೇಲೆ ಬಿದ್ದಿದೆಯೋ ಲೆಕ್ಕವಿಲ್ಲ. ಅವರೆಲ್ಲ ಗಂಡ ಮಕ್ಕಳ ಜೊತೆ ಚೆನ್ನಾಗಿಯೇ ಇದ್ದಾರೆ. ಮಗುವಿನ ಜವಳಕ್ಕೆ, ಗೃಹಪ್ರವೇಶಕ್ಕೆ ಬಟ್ಟೆ ತೆಗೆಯಲು ಮತ್ತೆ ಬರುತ್ತಾರೆ, "ನಿಮ್ಮ ಕೈಗುಣ ಚಲೋ ಐತೆ ಮೇಡಂ" ಎನ್ನುತ್ತಾರೆ. ನನ್ನ ಹಣೆಯ ಬೊಟ್ಟು ಕಂಪನಿಯದು ಎಂದು ಅವರಿಗೇನು ಗೊತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಮಗಳಿಗೆ ಹೇಳಿ ನಗಿಸುತ್ತಿದ್ದೆ. ಫ್ರೆಶ್ ಪೀಸಿನ ನಾಟಕವನ್ನು ಅವಳ ಮುಂದೆ ಆಡಿ ತೋರಿಸುತ್ತಿದ್ದೆ. "ನಿನ್ನ ಧಾರೆ ಸೀರೆ ಮಾತ್ರ ನಾನೇ ಆರಿಸೋದು, ನಾನೇ ಹಾಕ್ಕೊಂಡು ತೋರ್ಸೋದು" ಎನ್ನುತ್ತಿದ್ದೆ. ಅವಳು ಶಾಲೆಗೆ ಹೋಗುವಾಗ ಶುರುವಾದ ಮಾತು, ಲ್ಯಾಬ್ ಟೆಕ್ನಿಷಿಯನ್ ಓದಿ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ನಡೆದೇ ಇತ್ತು. ನನಗೆ ದೇವರಲ್ಲಿ ಕೇಳುವಂಥದ್ದು ಬೇರೇನೂ ಉಳಿದಿರಲಿಲ್ಲ, ಅದೊಂದೇ.

ಭಾನುವಳ್ಳಿಯ ಸಂಬಂಧ ಕೂಡಿಬಂತು. ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ನಿಧಾನಸ್ಥ. ಬೀಗತಿ, ಅಂದರೆ ಅವನ ತಾಯಿ, ಮಾತು ಕಡಿಮೆ, ಒಳ್ಳೆಯ ಹೆಂಗಸು. ಮನೆಯಲ್ಲಿ ಮಾತು ನಡೆಯುವುದು ಹುಡುಗನ ದೊಡ್ಡಮ್ಮನದು. ಆಕೆ ತನ್ನ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ನಿಶ್ಚಯಕ್ಕೆ ಬಂದಿರಲಿಲ್ಲ, ನನ್ನನ್ನು ನೋಡಿಯೂ ಇರಲಿಲ್ಲ. ಜವಳಿ ನಮ್ಮ ಶೋರೂಮಿನಲ್ಲೇ ಎಂದು ಭಾನುವಳ್ಳಿಯವರೇ ತೀರ್ಮಾನ ಮಾಡಿದರು. ಧಾರೆ ಸೀರೆ ತರುವುದು ಗಂಡಿನ ಕಡೆಯವರು, ಅವರು ಹೇಳಿದ ಕಡೆ ಹೋಗಬೇಕು. ಕೇಳಿ ನನಗೆ ಕುಣಿಯುವಂತಾಯಿತು.

ಆ ವಾರವೇ ಹೊಸ ಮಾಲು ಬಿಚ್ಚುವಾಗ ಒಂದು ಸೀರೆ ಕೈಗೆ ಸಿಕ್ಕಿತು. ಅರಿಶಿನದ ಬಣ್ಣ, ಕುಂಕುಮದ ಬಣ್ಣದ ದೊಡ್ಡ ಅಂಚು, ಮೈತುಂಬ ಸಣ್ಣ ಬುಟ್ಟಾ ಹೂವು. ಮಗಳ ಗೋಧಿ ಮೈಬಣ್ಣ ಕಣ್ಣ ಮುಂದೆ ಬಂತು. ಅದನ್ನು ಕಪಾಟಿನ ಕೆಳಗಿನ ಅರೆಯಲ್ಲಿ, ಯಾರೂ ಕೇಳದ ಬೂದಿ ಬಣ್ಣದ ಸೀರೆಗಳ ಅಡಿಯಲ್ಲಿ ಇಟ್ಟೆ. ನನ್ನ ಜೊತೆ ಕೌಂಟರಿನಲ್ಲಿರುವ ಸರಸ್ವತಿ ನಗರದ ಹುಡುಗಿಗೆ ಮಾತ್ರ ಹೇಳಿದ್ದೆ.

ಮೊದಲ ಅಡ್ಡಗಾಲು ಮನೆಯಿಂದಲೇ ಬಂತು. ನನ್ನ ತವರು ನಂದಿಗುಡಿ. ಧಾರೆ ಎರೆದು ಕೊಡುವವರು ನನ್ನ ಅಣ್ಣ ಅತ್ತಿಗೆ ಎಂದು ಮೊದಲೇ ಮಾತಾಗಿತ್ತು, ಅದಕ್ಕೆ ನಾನು ತಕರಾರು ಮಾಡಿರಲಿಲ್ಲ. ಅತ್ತಿಗೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದು, ಚಹಾ ಕುಡಿದು, ಲೋಟ ತೊಳೆದಿಟ್ಟು, ಕೊನೆಗೆ ಬಾಯಿ ಬಿಟ್ಟಳು.

"ನೋಡವ್ವ, ಜವಳಿ ದಿನ ನೀನು ಹೆಂಗೂ ಅಲ್ಲೇ ಇರ್ತಿ. ಧಾರೆ ಸೀರೆ ತೆಗಿಯೋ ಹೊತ್ತಿಗೆ ಸ್ವಲ್ಪ ಆ ಕಡೆ ಇದ್ದುಬಿಡು. ನಾ ಹೇಳ್ತಿಲ್ಲ, ಆ ದೊಡ್ಡಮ್ಮ ಭಾಳ ಶಾಸ್ತ್ರದೋಳಂತೆ."

"ಅಲ್ಲ ಅತ್ತಿಗಿ, ದಿನಾ ಊರವರ ಮಕ್ಕಳ ಧಾರೆ ಸೀರೆ ನನ್ನ ಹೆಗಲ ಮ್ಯಾಲೆ ಇರ್ತಾವಲ್ಲ, ಅದಕ್ಕೇನಂತಿ?"

"ಅದು ಕೆಲಸ. ಇದು ಮನೆ," ಎಂದಳು ಅತ್ತಿಗೆ. ಹೇಳಿ ತಾನೇ ಅತ್ತಳು. ಅಳುವವರ ಜೊತೆ ಜಗಳ ಆಡುವುದು ಹೇಗೆ?

ಎರಡನೇ ಅಡ್ಡಗಾಲು ಕಂಪನಿಯದು. ಆ ದಿನ ರಜೆ ಕೊಡಿ, ಹುಡುಗಿಯ ತಾಯಿಯಾಗಿ ಅವರ ಜೊತೆ ಕೂತು ಬಟ್ಟೆ ನೋಡುತ್ತೇನೆ, ದೂರ ಇರಬೇಕಾದಾಗ ದೂರ ಇರುತ್ತೇನೆ ಎಂದು ಮ್ಯಾನೇಜರನ್ನು ಕೇಳಿದೆ. ಮದುವೆ ಸೀಸನ್ನಿನ ಭಾನುವಾರ, ರಜೆ ಇಲ್ಲ ಎಂದರು. ಹಾಗಾದರೆ ನನ್ನ ಕೌಂಟರಿನಲ್ಲೇ ತೋರಿಸುತ್ತೇನೆ ಎಂದೆ.

"ರಿಲೇಟಿವ್ಸ್ ಬಂದ್ರೆ ಸ್ಟಾಫ್ ಅಟೆಂಡ್ ಮಾಡೋ ಹಾಗಿಲ್ಲ ಮೇಡಂ. ಪಾಲಿಸಿ. ಅವತ್ತು ನೀವು ಮೇಲೆ ನೈಟಿ ಸೆಕ್ಷನ್‌ನಲ್ಲಿ ಇರಿ."

"ನನ್ನ ಮಗಳ ಮದುವೆ ರೀ ಸಾರ್."

"ಕಂಗ್ರಾಜುಲೇಷನ್ಸ್ ಮೇಡಂ. ನೋಡೋಣ."

ಅತ್ತ ದರಿ, ಇತ್ತ ಪುಲಿ. ವಿಧವೆಯೆಂದು ಮನೆಯವರು ದೂರ ನಿಲ್ಲು ಎಂದರು, ತಾಯಿಯೆಂದು ಕಂಪನಿಯವರು ದೂರ ನಿಲ್ಲು ಎಂದರು. ಎರಡು ಕಡೆಯವರೂ ಒಬ್ಬರನ್ನೊಬ್ಬರು ಕಂಡವರಲ್ಲ. ನನ್ನನ್ನು ದೂರ ನಿಲ್ಲಿಸುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಭಾನುವಾರ ಬಂತು. ನಾನು ಚಾರ್ಟಿನ ಪ್ರಕಾರ ಬೊಟ್ಟು, ಬಳೆ, ಬಟ್ಟೆಯ ಮಲ್ಲಿಗೆ ಎಲ್ಲ ಏರಿಸಿಕೊಂಡು ಮೇಲಿನ ಮಹಡಿಯಲ್ಲಿ ನೈಟಿಗಳ ನಡುವೆ ನಿಂತೆ. ಅಲ್ಲಿಂದ ಕಂಬಿಯ ಮೇಲೆ ಬಾಗಿದರೆ ಸೀರೆ ಕೌಂಟರು ಪೂರ್ತಿ ಕಾಣುತ್ತದೆ. ಭಾನುವಳ್ಳಿಯವರು ಬಂದರು, ನಂದಿಗುಡಿಯವರು ಬಂದರು. ಮಗಳು ನಡುವೆ ಕೂತು ಎರಡು ಸಲ ಮೇಲೆ ನೋಡಿದಳು. ದೊಡ್ಡಮ್ಮನನ್ನು ಗುರುತಿಸಲು ಕಷ್ಟವಾಗಲಿಲ್ಲ. ಕುರ್ಚಿಯಲ್ಲಿ ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ದೇವರ ಸೀರೆ ಬೇಗ ಮುಗಿಯಿತು. ಧಾರೆ ಸೀರೆಗೆ ಬಂದಾಗ ಬಂಡಿ ನಿಂತಿತು. ಸರಸ್ವತಿ ನಗರದ ಹುಡುಗಿ ಸೀರೆಯ ಮೇಲೆ ಸೀರೆ ಹರವಿದಳು. ಒಂದಕ್ಕೆ ಅಂಚು ಸಣ್ಣ, ಒಂದರಲ್ಲಿ ಕಪ್ಪು ಎಳೆ, ಇನ್ನೊಂದು ಪಕ್ಕದ ಮನೆಯವರು ತೆಗೆದಿದ್ದೇ. ಕೊನೆಗೆ ಕೆಳಗಿನ ಅರೆಯಿಂದ ನನ್ನ ಸೀರೆ ಹೊರಗೆ ಬಂತು. ನಾನು ಕಂಬಿಯ ಮೇಲೆ ಇನ್ನಷ್ಟು ಬಾಗಿದೆ. ಪಾಪ, ಅವಳು ಕುಳ್ಳಿ, ಮೇಲಾಗಿ ಬೆಳಗಿನಿಂದ ಸುಸ್ತಾಗಿದ್ದಳು. ಹೆಗಲಿಗೆ ಹಾಕಿಕೊಳ್ಳದೆ ಟೇಬಲ್ಲಿನ ಮೇಲೆ ಚೆಲ್ಲಿದಳು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಲಗಿದ ರೇಷ್ಮೆ ಸೀರೆ ಹಾಸಿಗೆಯ ಚಾದರದ ಹಾಗೆ ಕಾಣುತ್ತದೆ. ಹೆಗಲಿಗೆ ಹಾಕಿಕೊಳ್ಳೇ, ಹೆಗಲಿಗೆ, ಎಂದು ಮೇಲಿನಿಂದ ಕೈ ಮಾಡಿದೆ. ಅವಳು ನೋಡಲಿಲ್ಲ.

"ಇದೇನ್ರಿ, ಜೀವಾನೇ ಇಲ್ಲ. ನಡೀರಿ, ಮಂಡಿಪೇಟೆ ಅಂಗಡಿಗೆ ಹೋಗಾಣ," ಎಂದು ದೊಡ್ಡಮ್ಮ ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು.

ಮ್ಯಾನೇಜರು ಮೆಟ್ಟಿಲು ಹತ್ತಿ ಓಡಿಬಂದರು. ಅಷ್ಟು ಜೋರಾಗಿ ಓಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಮೇಡಂ, ಕೆಳಗೆ ಬನ್ನಿ. ನೀವೇ ಹಾಕ್ಕೊಂಡು ತೋರಿಸಿ."

"ಪಾಲಿಸಿ ಸಾರ್?"

"ಪಾರ್ಟಿ ಹೋಗ್ತಿದೆ ಮೇಡಂ!"

ಗಿರಾಕಿ ಕೈಬಿಟ್ಟು ಹೋಗುವ ಹೊತ್ತಿಗೆ ಕಂಪನಿಯ ಪಾಲಿಸಿ ಎಲ್ಲಿ ಹೋಯಿತೋ. ನಾನು ಮೆಟ್ಟಿಲು ಇಳಿದೆ. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಸಿಟ್ಟು ಎಷ್ಟಿದ್ದರೂ ಕಾಲು ಮಾತ್ರ ಆ ಸೀರೆಯ ಕಡೆಗೇ ಓಡುತ್ತಿತ್ತು.

ಯಾರ ಮುಖವನ್ನೂ ನೋಡದೆ ಸೀರೆ ಎತ್ತಿಕೊಂಡೆ. ನೆರಿಗೆ ಹಿಡಿದು, ಸೆರಗು ಎಸೆದು, ಕ್ಲಿಪ್ ಹಾಕಿ ಕನ್ನಡಿಯ ಮುಂದೆ ನಿಂತೆ. ಎದ್ದವರು ಒಬ್ಬೊಬ್ಬರಾಗಿ ಕೂತರು. ಸೀರೆ ಎದ್ದು ನಿಂತಿತ್ತು. ಅಂಚಿನ ಕೆಂಪು ಮುಖಕ್ಕೆ ಹೊಡೆಯುತ್ತಿತ್ತು.

"ಅವ್ವಾ, ಇದು ನೋಡ್ರಿ ಸೀರೆ ಅಂದ್ರ!" ಎಂದರು ದೊಡ್ಡಮ್ಮ. "ಮೇಡಂ, ಸ್ವಲ್ಪ ತಿರುಗ್ರಿ. ಎಷ್ಟು ಲಕ್ಷಣ ಕಾಣ್ತಾರೆ ನೋಡು, ಲಕ್ಷ್ಮಿ ಬಂದು ನಿಂತಂಗೆ ಐತೆ."

ಬೀಗತಿ ನನ್ನನ್ನು ಗುರುತಿಸಿ ತಲೆ ತಗ್ಗಿಸಿದರು. ಅತ್ತಿಗೆ ಸೆರಗನ್ನು ಬಾಯಿಗೆ ಹಿಡಿದಳು. ನಾನು ತಿರುಗಿದೆ. ಆಗ ಮಗಳಿಗೆ ತಡೆಯಲಾಗಲಿಲ್ಲ.

"ಅವ್ವ, ಇದೇ ಇರ್ಲಿ. ಭಾಳ ಚಂದ ಐತೆ," ಎಂದುಬಿಟ್ಟಳು.

ದೊಡ್ಡಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇವ್ರೇನಾ ತಾಯಿ?" ಎಂದರು. ಅವರ ಕಣ್ಣು ನನ್ನ ಹಣೆಯ ಮೇಲೆ ನಿಂತಿತು. "ಮತ್ತೆ... ಬೊಟ್ಟು?"

"ಕಂಪನಿದು ರೀ," ಎಂದೆ. "ಡ್ಯೂಟಿ ಮುಗಿದ ಮ್ಯಾಲೆ ತೆಗಿತೀನಿ."

ಮಕ್ಕಳು ಮಂಡಕ್ಕಿ ತಿನ್ನುವ ಸದ್ದು ಕೇಳುತ್ತಿತ್ತು. ದೊಡ್ಡಮ್ಮ ಒರಟು ಹೆಂಗಸಲ್ಲ, ಅದನ್ನು ಹೇಳಲೇಬೇಕು. ಅವರ ದನಿ ಮೆತ್ತಗಾಯಿತು. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರೆ. ಮಕ್ಕಳು ನೂರು ಕಾಲ ಬಾಳಲಿ ಅಂತ ಅಷ್ಟೇ. ಸೀರೆ ಇದೇ ಆಗ್ಲಿ. ಇದ್ರಾಗೇ ಒಂದು ಫ್ರೆಶ್ ಪೀಸ್ ಕೊಡ್ರಿ."

"ಇದೆ ಮೇಡಂ, ಇದೆ, ಈಗ ತರಿಸ್ತೀನಿ," ಎಂದರು ಮ್ಯಾನೇಜರು. ಅದು ಒಂದೇ ಸೀರೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಸ್ಟಾಕ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟೆ. ಕೂರುವ ಹಾಗಿಲ್ಲ ಎನ್ನುವುದು ನೆನಪಾಯಿತು, ಕೂತೇ ಇದ್ದೆ. ಇಷ್ಟು ವರ್ಷ ಯಾರು ಯಾರೋ ಕೇಳಿದ ಮಾತೇ ಅದು, ಹೊಸದೇನಲ್ಲ. ಆದರೆ ಅವತ್ತು ಕೇಳಿದ್ದು ನನ್ನ ಮಗಳ ಸೀರೆಗೆ. ಊರವರ ಮಕ್ಕಳಿಗೆ ಲಕ್ಷ್ಮಿ, ಹೆತ್ತ ಮಗಳಿಗೆ ಪೀಡೆ. ಹೊರಗೆ ಹೋಗಿ, ಇನ್ನೊಂದು ಪೀಸ್ ಇಲ್ಲ, ಇದ್ದರೆ ಇದೇ, ಬೇಕಾದರೆ ಒಯ್ಯಿರಿ ಎಂದು ಕೂಗಿಬಿಡಬೇಕು ಎನ್ನಿಸಿತು. ಕೂಗಿದರೆ ಸೀರೆ ಹೋಗುತ್ತದೆ. ಸೀರೆ ಹೋದರೆ ಹೋಗಲಿ, ಆ ಮನೆಯಲ್ಲಿ ನಾಳೆ ಬಾಳಬೇಕಾದವಳು ನನ್ನ ಮಗಳು.

ಸರಸ್ವತಿ ನಗರದ ಹುಡುಗಿ ಬಾಗಿಲು ತಳ್ಳಿಕೊಂಡು ಬಂದಳು. "ಅಕ್ಕ, ಇಲ್ಲಿ ಕೊಡ್ರಿ, ನಾ ಮಡಿಸ್ತೀನಿ," ಎಂದಳು. ಅವಳ ಕಣ್ಣು ಕೆಂಪಗಿತ್ತು.

"ಬ್ಯಾಡ. ನೀನು ಹೊಸ ಕವರ್ ತಗೊಂಡ್ ಬಾ," ಎಂದೆ.

ಅವಳು ಹೋದ ಮೇಲೆ ಎದ್ದೆ. ಅಲ್ಲೊಂದು ಅಂಗೈ ಅಗಲದ ಕನ್ನಡಿಯಿದೆ. ಮಡಿಸಬೇಕಾದ ಸೀರೆಯನ್ನು ಬಿಚ್ಚಿ ಮತ್ತೊಮ್ಮೆ ಹೆಗಲಿಗೆ ಹಾಕಿಕೊಂಡೆ. ಈ ಸಲ ಯಾರಿಗೂ ತೋರಿಸಲು ಅಲ್ಲ. ಕಂಪನಿ ಕೊಟ್ಟ ಬಳೆಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿಕೊಂಡಿರುತ್ತೇನೆ. ಅದನ್ನು ತೆಗೆದು, ಅಂಚಿನ ಕೆಂಪಿನಲ್ಲಿ, ಸೆರಗು ಹೆಗಲಿನ ಮೇಲೆ ಕೂರುವ ಜಾಗ ನೋಡಿ ಚುಚ್ಚಿದೆ. ನಿಂತು ಕನ್ನಡಿಯಲ್ಲಿ ನೋಡಿಕೊಂಡೆ. ಇದು ನಿನ್ನ ತಾಯಿ ಆರಿಸಿದ್ದು, ನಿನ್ನ ತಾಯಿ ಹಾಕಿಕೊಂಡು ನೋಡಿದ್ದು, ಎಂದು ಬಾಯಿ ಬಿಟ್ಟೇ ಹೇಳಿದೆ. ಆಮೇಲೆ ಪಿನ್ ತೆಗೆದು, ಸೆರಗು ಒಳಗೆ ಬರುವ ಹಾಗೆ ಬೇರೆ ಮಡಿಕೆ ಹಾಕಿ, ಹೊಸ ಕವರಿಗೆ ಸೇರಿಸಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಸೀರೆಯನ್ನೂ ಮಡಿಸಿರಲಿಲ್ಲ.

"ನಿಮ್ಮ ಅದೃಷ್ಟ ಮೇಡಂ, ಒಂದೇ ಉಳಿದಿತ್ತು," ಎಂದು ಕೊಟ್ಟೆ. ದೊಡ್ಡಮ್ಮ ಅದನ್ನು ನನ್ನ ಕೈಯಿಂದ ನೇರ ತೆಗೆದುಕೊಳ್ಳಲಿಲ್ಲ. ಟೇಬಲ್ಲಿನ ಮೇಲೆ ಇಡಿಸಿ, ಬೀಗತಿಯಿಂದ ಎತ್ತಿಸಿದರು. ಕವರಿಗೆ ಅರಿಶಿನ ಕುಂಕುಮ ಹಚ್ಚಿದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಊಟಕ್ಕೆ ಕೂತಾಗ ಆ ನಾಟಕವನ್ನು ನೂರು ಸಲ ನೋಡಿದವಳು ಅವಳು. ಆ ಮಾತು ಮುಗಿಯುತ್ತಿದ್ದ ಹಾಗೆ ಅವಳ ತುಟಿಯ ಒಂದು ಮೂಲೆ ಅದುರಿತು, ತಲೆ ಬಗ್ಗಿಸಿಕೊಂಡಳು. ಪಿನ್ನಿನ ವಿಷಯ ಮಾತ್ರ ಮನೆಗೆ ಹೋದ ಮೇಲೆ ಹೇಳಿದೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು, ಹೋಗುತ್ತಿದ್ದ ಪಾರ್ಟಿಯನ್ನು ಉಳಿಸಿಕೊಂಡಿದ್ದಕ್ಕೆ ನನಗೆ ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಮಧ್ಯಾಹ್ನ ಕ್ಯಾಮೆರಾ ನೋಡಿದ ಹೆಡ್ ಆಫೀಸಿನಿಂದ, ಸಂಬಂಧಿಕರಿಗೆ ಸೀರೆ ತೋರಿಸಿದ್ದಕ್ಕೆ ಎಚ್ಚರಿಕೆ ಬಂತು. "ನೀವೇ ಕರೆದದ್ದಲ್ಲೇನ್ರಿ ಸಾರ್?" ಎಂದು ಮ್ಯಾನೇಜರನ್ನು ಕೇಳಿದೆ. ಅವರು ಎಂದಿನಂತೆ, "ನೋಡೋಣ ಮೇಡಂ" ಎಂದರು.

ಮದುವೆ ಹರಿಹರದಲ್ಲೇ ಆಯಿತು. ಅವತ್ತು ನನಗೆ ಡ್ಯೂಟಿ ಇರಲಿಲ್ಲ, ಹಾಗಾಗಿ ಬೊಟ್ಟೂ ಇರಲಿಲ್ಲ. ಮದುಮಗಳ ಕೋಣೆಯ ಹೊಸ್ತಿಲ ಹೊರಗೆ ನಿಂತಿದ್ದೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬ್ಯೂಟೀಷಿಯನ್ ಹುಡುಗಿ ಅರಿಶಿನದ ಸೀರೆ ಬಿಚ್ಚಿ ಉಡಿಸುತ್ತಿದ್ದಳು. ದೊಡ್ಡಮ್ಮ ಪಕ್ಕದಲ್ಲೇ ನಿಂತು ನೆರಿಗೆ ಹಿಡಿದಿದ್ದರು. ಒಳಗೆ ಹೋಗಿ ಆ ಹುಡುಗಿಯ ಕೈಯಿಂದ ಸೆರಗು ಕಿತ್ತುಕೊಳ್ಳಬೇಕು ಎನ್ನಿಸುತ್ತಿತ್ತು. ಊರಿಗೆಲ್ಲ ಉಡಿಸಿದ ಕೈ, ಅಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಿತ್ತು.

ಹುಡುಗಿ ಸೆರಗು ಹೆಗಲಿಗೇರಿಸಿ ಪಿನ್ ಚುಚ್ಚಲು ಹೋದಳು. ಮಗಳು ಅವಳ ಕೈ ಹಿಡಿದು ಪಿನ್ ಇಸಿದುಕೊಂಡಳು. ಹೆಬ್ಬೆರಳಿನಿಂದ ಅಂಚಿನ ಕೆಂಪನ್ನು ಸವರುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಬಾಗಿಲ ಕಡೆಗೆ, ನನ್ನ ಕಡೆಗೆ ನೋಡಿದಳು. ಅದೇ ಜಾಗದಲ್ಲಿ ಪಿನ್ ಇಳಿಸಿದಳು.

"ಯಾರೂ ಮುಟ್ಟದ ಸೀರೆ ಅಂದ್ರ ಅದರ ಕಳೆನೇ ಬ್ಯಾರೆ ಬಿಡ್ರಿ," ಎಂದರು ದೊಡ್ಡಮ್ಮ.

"ಹೌದ್ರಿ," ಎಂದಳು ಮಗಳು.

ನನಗೆ ಸಿಟ್ಟೂ ಬಂತು, ನಗುವೂ ಬಂತು, ಅಳುವೂ ಬಂತು. ಸೆರಗು ಸರಿಯಾಗಿ ಕೂತಿದೆಯೇ ಎಂದು ಅಭ್ಯಾಸದಂತೆ ಕಣ್ಣು ಹಾಯಿಸಿದೆ. ಸರಿಮಾಡುವಂಥದ್ದು ಏನೂ ಇರಲಿಲ್ಲ.